ಮೂರು ಮುಗಿಸಿ ಎರಡಕ್ಕೆ

ನಾನು ಫೇಲಾದ ಸುದ್ದಿ ನಮ್ಮೂರಿಗೆ ನನ್ನ ರಿಸಲ್ಟಿಗಿಂತ ಮೊದಲೇ ಬಂತು. ಬಂದದ್ದು ಹಾಲಿನ ಡೈರಿಯಿಂದ. ನಮ್ಮೂರಲ್ಲಿ ಎರಡು ಹೊತ್ತು ಹಾಲು ಡೈರಿಗೆ ಹೋಗುತ್ತದೆ, ಎರಡು ಹೊತ್ತೂ ಸುದ್ದಿ ಅಲ್ಲಿಂದ ಮನೆಗೆ ಬರುತ್ತದೆ. ಹಾಲಿಗಾದರೆ ಮೆಷಿನ್ ಇಟ್ಟು ನೀರು ಬೆರೆತಿದೆಯಾ ಅಂತ ನೋಡುತ್ತಾರೆ. ಸುದ್ದಿಗೆ ಆ ಮೆಷಿನ್ ಇನ್ನೂ ಬಂದಿಲ್ಲ.

ಶುರುವಾದದ್ದು ಎದುರು ಮನೆಯ ದೊಡ್ಡಮ್ಮನಿಂದ. ಪಾಪ, ಅವಳು ಕೆಟ್ಟ ಮನಸ್ಸಿನಿಂದೇನೂ ಕೇಳಲಿಲ್ಲ.

"ಓದು ಮುಗೀತಾ ಬಂತಲ್ಲಮ್ಮ, ಮುಂದೆ ಏನ್ ಮಾಡ್ತೀಯ?"

"ಇಂಜಿನಿಯರಿಂಗ್ ಸೇರ್ತೀನಿ ದೊಡ್ಡಮ್ಮ. ಸೀದಾ ಎರಡನೇ ವರ್ಷಕ್ಕೆ."

"ಈಗ ಎಷ್ಟನೇ ವರ್ಷ?"

"ಮೂರನೇದು."

ದೊಡ್ಡಮ್ಮ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು, "ಹೋಗ್ಲಿ ಬಿಡಮ್ಮ, ಎಷ್ಟೋ ಜನಕ್ಕೆ ಹಿಂಗಾಗುತ್ತೆ, ಮನಸ್ಸಿಗೆ ಹಚ್ಕೋಬೇಡ" ಅಂದಳು. ನನಗೆ ಅರ್ಥವೇ ಆಗಲಿಲ್ಲ. ಸಂಜೆ ಅಮ್ಮ ಹಾಲಿನ ಕ್ಯಾನು ಹಿಡಿದು ಡೈರಿಯಿಂದ ಬರುವಷ್ಟರಲ್ಲಿ ಅರ್ಥವಾಯಿತು. ಮೂರರಲ್ಲಿದ್ದ ನನ್ನನ್ನು ಕಾಲೇಜಿನವರು ಎರಡಕ್ಕೆ ಇಳಿಸಿದ್ದಾರೆ ಅಂತ ಊರು ತೀರ್ಮಾನ ಮಾಡಿಯಾಗಿತ್ತು.

ಹತ್ತನೇ ಕ್ಲಾಸು ಆದಮೇಲೆ ನಾನು ಪಿಯುಸಿಗೆ ಹೋಗದೆ ಚಿಂತಾಮಣಿಯಲ್ಲಿ ಪಾಲಿಟೆಕ್ನಿಕ್ ಸೇರಿದ್ದೆ. ಮೂರು ವರ್ಷದ ಡಿಪ್ಲೊಮಾ, ಎಲೆಕ್ಟ್ರಿಕಲ್. ಡಿಪ್ಲೊಮಾ ಮುಗಿಸಿದವರು ಒಂದು ಎಂಟ್ರೆನ್ಸ್ ಪರೀಕ್ಷೆ ಬರೆದರೆ, ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ಮೊದಲ ವರ್ಷವನ್ನು ದಾಟಿ ನೇರವಾಗಿ ಎರಡನೇ ವರ್ಷದಲ್ಲಿ ಹೋಗಿ ಕೂರಬಹುದು. ಇದಕ್ಕೆ ಲ್ಯಾಟರಲ್ ಎಂಟ್ರಿ ಅನ್ನುತ್ತಾರೆ. ಅಪ್ಪ ಅದನ್ನು ಕೊನೆಯವರೆಗೂ ಲೇಟ್ ಎಂಟ್ರಿ ಅಂತಲೇ ಅಂದ. ಲೇಟಾಗಿ ಹೋದರೂ ಒಳಗೆ ಬಿಡುತ್ತಾರೆ ಅಂದಮೇಲೆ ಅವಸರವೇನು ಅನ್ನುವುದು ಅವನ ಸಮಾಧಾನ. ಕಾಲೇಜಿನಲ್ಲಿ ಎಲ್ಲರಿಗೂ ಇದು ಮೇಲಕ್ಕೆ ಹತ್ತುವುದು. ನಮ್ಮೂರಿನಲ್ಲಿ ಮಾತ್ರ ಕೆಳಕ್ಕೆ ಬೀಳುವುದು.

ಊರು ಏನಾದರೂ ಅಂದುಕೊಳ್ಳಲಿ, ನನಗೇನೂ ಅನ್ನಿಸುತ್ತಿರಲಿಲ್ಲ. ನನಗೆ ಹೆದರಿಕೆ ಇದ್ದದ್ದು ಅವ್ವನದು.

ಅವ್ವ ಅಂದರೆ ಅಪ್ಪನ ಅಮ್ಮ, ನನ್ನ ಅಜ್ಜಿ. ಶಿಡ್ಲಘಟ್ಟದ ಕಡೆಯ ನಮ್ಮಂಥ ಮನೆಗಳಲ್ಲಿ ಒಲೆ ಮುಂದೆ ತೆಲುಗು, ಬೀದಿಯಲ್ಲಿ ಕನ್ನಡ, ಜಗಳದಲ್ಲಿ ಎರಡೂ. ತೆಲುಗಿನಲ್ಲಿ ಅಜ್ಜಿಗೆ ಅವ್ವ ಅನ್ನುವುದು ರೂಢಿ. ನಮ್ಮ ರೇಷನ್ ಕಾರ್ಡಿನಲ್ಲಿ ಕುಟುಂಬದ ಯಜಮಾನಿ ಅಂತ ಅವಳ ಫೋಟೊ ಇದೆ. ಸರ್ಕಾರ ಬರೆದದ್ದು ನಮ್ಮ ಮನೆಯ ಮಟ್ಟಿಗೆ ಅಕ್ಷರಶಃ ನಿಜ. ನಾವು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರು. ಹುಳುವಿಗೆ ಸೊಪ್ಪು ಯಾವಾಗ, ಎಷ್ಟು, ಗೂಡು ಯಾವಾಗ ಮಾರ್ಕೆಟ್ಟಿಗೆ, ಎಲ್ಲವೂ ಅವಳು ಹೇಳಿದ ಹಾಗೆ. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಎದ್ದು ಸೊಪ್ಪು ಕೊಯ್ಯಲು ಹೋದರೆ ನನ್ನನ್ನು ಎಬ್ಬಿಸಿ, ಮುಖ ತೊಳೆಸಿ, ಜಡೆ ಹಾಕಿ ಸ್ಕೂಲಿಗೆ ಬಿಡುತ್ತಿದ್ದವಳು ಅವಳೇ. ಹಾಗಾಗಿ ಅವಳು ಹೂಂ ಅನ್ನದೆ ನಾನು ಹೊಸ್ತಿಲು ದಾಟುವ ಹಾಗಿರಲಿಲ್ಲ. ಯಾರೂ ಕಟ್ಟಿಹಾಕುತ್ತಿರಲಿಲ್ಲ, ನನಗೇ ಆಗುತ್ತಿರಲಿಲ್ಲ. ಅಪ್ಪನಂತೂ ಕೈ ತೊಳೆದುಕೊಂಡಿದ್ದ. "ನಿಮ್ಮವ್ವ ಒಪ್ಪಿದ್ರೆ ನಂದೇನೂ ಅಡ್ಡಿ ಇಲ್ಲಮ್ಮ" ಅಂದು ಟವೆಲ್ ಕೊಡವಿ ಹೊರಟುಬಿಟ್ಟ.

ಡೈರಿಯ ಸುದ್ದಿ ಕೇಳಿದ ಅವ್ವ ಹೇಳಿದ್ದು ಒಂದೇ ಮಾತು. "ಮೂಡೇಂಡ್ಲು ಚದಿವಿ ಮಳ್ಳಾ ರೆಂಡುಕಾ?" ಮೂರು ವರ್ಷ ಓದಿ ಮತ್ತೆ ಎರಡಕ್ಕಾ?

ನಾನು ಡಿಪ್ಲೊಮಾ ಸೇರಿದ ದಿನದಿಂದಲೇ ಅವಳು ಊರೆಲ್ಲ "ನಮ್ಮ ಹುಡುಗಿ ಇಂಜಿನೀರು" ಅಂತ ಹೇಳಿಕೊಂಡು ಬಂದಿದ್ದಳು. ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟರೆ ಅಕ್ಕಪಕ್ಕದವರನ್ನೂ ನನ್ನ ಹತ್ತಿರ ಕಳಿಸುತ್ತಿದ್ದಳು. ಈಗ ಆ ಇಂಜಿನೀರು ಮತ್ತೆ ಇಂಜಿನಿಯರಿಂಗ್ ಓದಲು ಹೋಗುತ್ತಾಳೆ, ಅದೂ ಎರಡನೇ ವರ್ಷಕ್ಕೆ ಅಂದರೆ, ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳಾಗುವುದಿಲ್ಲವೇ? ಅದೂ ಅಲ್ಲದೆ ಗೌರಿಬಿದನೂರಿನ ಹತ್ತಿರದ ಒಂದು ಕಾರ್ಖಾನೆಯವರು ಕಾಲೇಜಿಗೆ ಬಂದು ನಮ್ಮಲ್ಲಿ ಕೆಲವರನ್ನು ಕೆಲಸಕ್ಕೆ ಆರಿಸಿದ್ದರು. ಅದರಲ್ಲಿ ನಾನೂ ಇದ್ದೆ. ಗೌರಿಬಿದನೂರಿನಲ್ಲಿ ಅಪ್ಪನ ತಂಗಿ, ನನ್ನ ಸೋದರತ್ತೆ ಇದ್ದಾಳೆ. ಅವಳ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗು, ಮರ್ಯಾದೆಯಾಗಿ ಇರು ಅನ್ನುವುದು ಅವ್ವನ ಯೋಜನೆ. ಕೆಟ್ಟ ಯೋಜನೆಯೇನಲ್ಲ. ನನಗೆ ಬೇಕಾಗಿರಲಿಲ್ಲ, ಅಷ್ಟೆ.

ನನಗೆ ಬೇಕಾಗಿದ್ದ ಯೋಜನೆಯನ್ನು ತಲೆಯೊಳಗೆ ಬಿತ್ತಿದವರು ನಮ್ಮ ಗಣಿತದ ಮೇಷ್ಟ್ರು. ವಿಜಯಪುರದ ಕಡೆಯವರು. ಚಿಂತಾಮಣಿಗೆ ವರ್ಗವಾಗಿ ಬಂದ ಹೊಸದರಲ್ಲಿ ಅವರ ಕನ್ನಡ ನಮಗೆ ತಿಳಿಯುತ್ತಿರಲಿಲ್ಲ, ನಮ್ಮ ಕನ್ನಡ ಅವರಿಗೆ ತಿಳಿಯುತ್ತಿರಲಿಲ್ಲ, ನಡುವೆ ಗಣಿತ ಒಂದೇ ಯಾರಿಗೂ ತೊಂದರೆ ಕೊಡದೆ ಇತ್ತು. ಬೋರ್ಡಿನ ಮುಂದೆ ನಿಲ್ಲಿಸಿ "ಹಾಂ, ಚಾಲೂ ಮಾಡ" ಅನ್ನುವರು. ನಾವು ಸೀಮೆಸುಣ್ಣ ಹಿಡಿದು ಸುಮ್ಮನೆ ನಿಲ್ಲುತ್ತಿದ್ದೆವು. ಶುರು ಮಾಡು ಅನ್ನುವುದನ್ನು ಅವರ ಕಡೆ ಚಾಲೂ ಮಾಡು ಅನ್ನುತ್ತಾರೆ ಅಂತ ಗೊತ್ತಾಗಲು ಒಂದು ವಾರ ಹಿಡಿಯಿತು. ನಮ್ಮ ಊರುಗಳಲ್ಲಿ ಮೋಟಾರು ಆನ್ ಆಗುತ್ತದೆ, ಚಾಲೂ ಆಗುವುದಿಲ್ಲ.

ಒಂದು ದಿನ ಕಷ್ಟದ ಲೆಕ್ಕವೊಂದನ್ನು ನಾನು ಅವರು ತೋರಿಸಿದ ದಾರಿ ಬಿಟ್ಟು ನನ್ನದೇ ದಾರಿಯಲ್ಲಿ ಬಿಡಿಸಿದ್ದೆ. ಬೈಯುತ್ತಾರೆ ಅಂತ ಬಾಯಿ ಸಿದ್ಧ ಮಾಡಿಕೊಂಡು ನಿಂತಿದ್ದೆ. ಅವರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, "ನೀ ಇಲ್ಲೇ ನಿಂದ್ರೂ ಹುಡುಗಿ ಅಲ್ಲ ನೋಡ. ಮುಂದ ಓದಬೇಕು ನೀ" ಅಂದರು. ಅವತ್ತಿನಿಂದ ಕ್ಲಾಸು ಬಿಟ್ಟಮೇಲೆ ಎಂಟ್ರೆನ್ಸ್ ಬರೆಯುವ ನಾಲ್ಕೈದು ಜನಕ್ಕೆ ಖಾಲಿ ರೂಮಿನಲ್ಲಿ ಪಾಠ ಶುರು ಮಾಡಿದರು. ನನ್ನ ಬಸ್ಸು ಹೊರಡುವ ಹೊತ್ತು ನನಗಿಂತ ಅವರಿಗೆ ಚೆನ್ನಾಗಿ ನೆನಪಿರುತ್ತಿತ್ತು.

ಮನೆಯಲ್ಲಿ ಒಪ್ಪುತ್ತಿಲ್ಲ ಅಂತ ಅವರಿಗೆ ಹೇಳಿದ್ದೆ. "ನಾ ಮಾತಾಡ್ತೀನಿ ಬಿಡ" ಅಂದಿದ್ದರು. ಒಂದು ಭಾನುವಾರ ಫೋನ್ ಬಂತು. "ಅವ್ವ ಅದಾರೇನು ಮನ್ಯಾಗ? ಅವ್ವಗ ಕೊಡ ಸ್ವಲ್ಪ" ಅಂದರು. ಜಗಲಿಯ ಮೇಲೆ ಅವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಫೋನನ್ನು ಅವಳ ಕಿವಿಗೆ ಕೊಟ್ಟು ನಾನು ಹಿತ್ತಿಲಿಗೆ ಓಡಿಹೋದೆ. ನೋಡುತ್ತಾ ನಿಲ್ಲುವ ಧೈರ್ಯ ಇರಲಿಲ್ಲ. ವಾಪಸ್ ಬರುವಷ್ಟರಲ್ಲಿ ಮಾತು ಮುಗಿದಿತ್ತು. ಅವ್ವ ಫೋನನ್ನು ಅವರೆಕಾಯಿ ಮೊರದಲ್ಲಿಟ್ಟು ಏನೂ ಆಗದವಳ ಹಾಗೆ ಕಾಯಿ ಸುಲಿಯುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಆಶ್ಚರ್ಯ.

ಮರುದಿನ ಮೇಷ್ಟ್ರು ಕಾರಿಡಾರಿನಲ್ಲಿ ಸಿಕ್ಕವರೇ ಹಲ್ಲು ಬಿಟ್ಟರು. "ಭಾಳ ಛಲೋ ಮಂದಿ ಅದಾರ ನೋಡ ನಿಮ್ಮ ಮನ್ಯಾಗ. ಸುಮ್ಮನ ಹೆದರಿದ್ದಿ ನೀ. ಓದು ಮುಂದುವರಸ್ತೀವಿ ಅಂತ ಮೂರು ಸಲ ಹೇಳಿದ್ರು!"

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆ ಚಿಂತಾಮಣಿ ಬಸ್ ಸ್ಟಾಂಡಿನ ಅಂಗಡಿಯಲ್ಲಿ ಬೂಂದಿ ಲಾಡು ಕಟ್ಟಿಸಿಕೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಪೊಟ್ಟಣವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆಗೆ ಬಂದು ಸೀದಾ ಅವ್ವನ ಕಾಲಿಗೆ ಬಿದ್ದೆ. ಅವಳು ಬೆಚ್ಚಿ ಕಾಲು ಎಳೆದುಕೊಂಡಳು. ಲಾಡು ಕೊಟ್ಟೆ. ತಿಂದಳು. ಇನ್ನೊಂದು ಕೊಟ್ಟೆ. ಅದನ್ನೂ ತಿಂದಳು. ಎರಡನೆಯದು ಪೂರ್ತಿ ಇಳಿದ ಮೇಲೆ ಬಾಯಿ ಒರೆಸಿಕೊಂಡು ಕೇಳಿದಳು.

"ಇದ್ಯಾತಕ್ಕೆ?"

"ನೀನು ಒಪ್ಕೊಂಡಿದ್ದಕ್ಕೆ."

"ಏನು ಒಪ್ಕೊಂಡೆ?"

"ಓದೋಕೆ. ನಮ್ಮ ಸಾರ್ ಹತ್ರ ಹೇಳಿದ್ಯಲ್ಲ?"

"ನಾನೆಲ್ಲಿ ಒಪ್ಕೊಂಡೆ? ಆ ಸಾರು ಏನೋ ಕೇಳ್ದ. ಅರ್ಧ ಅರ್ಥ ಆಗಲಿಲ್ಲ. ಓದು ಅಂದ, ಚಾಲು ಅಂದ. ನಾನೂ ಚಾಲು ಸಾರ್, ಚಾಲು, ಚಾಲು ಅಂದೆ."

ಸೊಪ್ಪಿನ ಹೊರೆ ಇಳಿಸುತ್ತಿದ್ದ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊರೆಯ ಮೇಲೇ ಕೂತುಬಿಟ್ಟಳು. ನನಗೂ ಅರ್ಥವಾಯಿತು. ತೆಲುಗಿನಲ್ಲಿ ಚಾಲು ಅಂದರೆ ಸಾಕು. ಊಟಕ್ಕೆ ಕೂತವರು ಎಲೆಯ ಮೇಲೆ ಕೈ ಅಡ್ಡ ಹಿಡಿದು ಚಾಲು ಚಾಲು ಅನ್ನುತ್ತಾರಲ್ಲ, ಆ ಚಾಲು. ಓದು ಚಾಲೂ ಇಡ್ತೀರೇನ್ರಿ ಅಂತ ಮೇಷ್ಟ್ರು ಕೇಳಿದ್ದಾರೆ. ಸಾಕು ಸಾರ್, ಸಾಕು, ಸಾಕು ಅಂತ ಅವ್ವ ಕೈ ಅಡ್ಡ ಹಿಡಿದಿದ್ದಾಳೆ. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಮೆಚ್ಚಿಕೊಂಡು ಫೋನ್ ಇಟ್ಟಿದ್ದಾರೆ.

ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ನನ್ನ ಸಿಟ್ಟು ಊರಿಗೇ ಗೊತ್ತು. ಹಾಗಾದರೆ ಲಾಡು ವಾಪಸ್ ಕೊಡು ಅಂದೆ. ಹೊಟ್ಟೆ ಸೀಳಿ ತಗೋ ಅಂದಳು. ನಾನು ಕನ್ನಡದಲ್ಲಿ ಕೂಗಿದೆ, ಅವಳು ತೆಲುಗಿನಲ್ಲಿ ಕೂಗಿದಳು, ಅಪ್ಪ ಎಮ್ಮೆಗೆ ನೀರು ಕುಡಿಸುವ ನೆವದಲ್ಲಿ ಹೊರಗೆ ಹೋದ. ಆವತ್ತಿನಿಂದ ನನಗೂ ಅವ್ವನಿಗೂ ಮಾತಿಲ್ಲ. ಮಾತಿಲ್ಲ ಅಂದರೂ ಬೆಳಗ್ಗೆ ನನ್ನ ಡಬ್ಬಿಗೆ ಮುದ್ದೆಯ ಬದಲು ಚಿತ್ರಾನ್ನ ಹಾಕುತ್ತಿದ್ದವಳು ಅವಳೇ. ಮುದ್ದೆ ಡಬ್ಬಿಯಲ್ಲಿ ಗಟ್ಟಿಯಾಗುತ್ತದೆ ಅಂತ ಯಾವತ್ತೋ ನಾನು ಗೊಣಗಿದ್ದು ನೆನಪಿಟ್ಟುಕೊಂಡು.

ಮೇಷ್ಟ್ರಿಗೆ ವಿಷಯ ಹೇಳಿದರೆ ಅವರು ನಂಬಲೇ ಇಲ್ಲ. "ಅಲ್ಲ, ನಿಮ್ಮ ತಾಯಿ ಎಷ್ಟು ಚಂದ ಮಾತಾಡಿದ್ರಲ್ಲ?"

"ತಾಯಿ ಅಲ್ಲ ಸಾರ್, ಅಜ್ಜಿ. ನೀವೇ ಅವ್ವಂಗೆ ಕೊಡು ಅಂದ್ರಿ."

"ಅವ್ವ ಅಂದ್ರ ತಾಯಿ ಅಲ್ಲೇನು?"

"ನಿಮ್ಮ ಕಡೆ ತಾಯಿ ಸಾರ್. ನಮ್ಮನೇಲಿ ಅಜ್ಜಿ."

ಅವರು ತಲೆಗೆ ಕೈ ಹಚ್ಚಿ ಕೂತರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಫೋನಿನಲ್ಲಿ ಎರಡು ತಪ್ಪು ಮಾಡಿದವನು ನಾನೊಬ್ಬನೇ ಇರಬೇಕು, ಇನ್ನು ಮುಂದೆ ಫೋನಿನ ಸಹವಾಸ ಬೇಡ, ನಾನೇ ಬರುತ್ತೇನೆ ಅಂದರು. ಮೊದಲು ನೀನು ಪರೀಕ್ಷೆ ಬರೆ, ಬರೆಯುವುದಕ್ಕೆ ಯಾರ ಅಪ್ಪಣೆ ಬೇಕು ಅಂದರು.

ಬರೆದೆ. ಡಿಪ್ಲೊಮಾ ಚೆನ್ನಾಗಿ ಪಾಸಾಯಿತು, ಎಂಟ್ರೆನ್ಸಿನಲ್ಲೂ ಒಳ್ಳೆಯ ರ‍್ಯಾಂಕೇ ಬಂತು. ಇನ್ನು ಕಾಲೇಜುಗಳನ್ನು ಆರಿಸಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಕಂಪ್ಯೂಟರಿನಲ್ಲಿ ಸಾಲಾಗಿ ಹಾಕಬೇಕು. ಇದರಲ್ಲಿ ಎಲ್ಲರೂ ನನಗೆ ಬುದ್ಧಿ ಹೇಳಿದರು. ಗೆಳತಿಯರು ಬೆಂಗಳೂರು ಅಂದರು. ಗೌರಿಬಿದನೂರಿನ ಸೋದರತ್ತೆ ತನ್ನ ಮನೆಯಲ್ಲಿದ್ದುಕೊಂಡು ದಿನಾ ಟ್ರೇನಿನಲ್ಲಿ ಯಲಹಂಕಕ್ಕೆ ಹೋಗಿ ಓದಬಹುದು ಅಂದಳು. ಅವ್ವನ ಮಗಳೇ ಹೀಗೆ ನನ್ನ ಪಕ್ಷ ಸೇರಿದ್ದು ನನಗೆ ಭಾರಿ ಖುಷಿ. ಆದರೆ ಆ ಟ್ರೇನಿನ ರಶ್ಶನ್ನು ಒಮ್ಮೆ ನೋಡಿದ್ದೆ. ನಿಂತು ಹೋಗಿ ನಿಂತು ಬಂದು ಓದುವುದು ಯಾವಾಗ? ನಾನು ಚಿಕ್ಕಬಳ್ಳಾಪುರದ ಆಚೆ, ಮುದ್ದೇನಹಳ್ಳಿಯ ಕಡೆಯ ಒಂದು ಕಾಲೇಜನ್ನು ಮೊದಲು ಹಾಕಿದೆ. ಹಾಸ್ಟೆಲ್ ಇದೆ, ಬೇಸರವಾದರೆ ಶನಿವಾರ ಬಸ್ಸು ಹತ್ತಿ ಮನೆಗೆ ಬರಬಹುದು. ಡಿಪ್ಲೊಮಾದಿಂದ ಬಂದವರು ಅಲ್ಲಿ ಹೆಚ್ಚುವರಿಯಾಗಿ ಒಂದು ಗಣಿತ ಓದಬೇಕು ಅಂತ ತಿಳಿದಾಗ ಉಳಿದವರು ಮುಖ ಕಿವುಚಿದರು. ನಾನು ಹಿಗ್ಗಿದೆ.

ಸೀಟು ಅಲ್ಲಿಗೇ ಬಂತು. ಹೋಗಿ ಸೇರಿಕೊಳ್ಳಲು ಇದ್ದದ್ದು ನಾಲ್ಕೇ ದಿನ. ಸೇರದಿದ್ದರೆ ಸೀಟು ಹೋಗುತ್ತದೆ, ಕಾರ್ಖಾನೆಯ ಕೆಲಸ ಉಳಿಯುತ್ತದೆ. ಅವ್ವ ಇನ್ನೂ ಅವರೆಕಾಯಿ ಸುಲಿಯುವ ಮುಖದಲ್ಲೇ ಇದ್ದಳು.

ಮೇಷ್ಟ್ರು ಬಂದದ್ದು ನಾವು ಯಾರನ್ನೂ ಮನೆಯೊಳಗೆ ಬಿಡದ ಹೊತ್ತಿನಲ್ಲಿ. ಹುಳು ಹಣ್ಣಾಗಿ ಗೂಡು ಕಟ್ಟುವುದಕ್ಕೆ ಮುಂಚೆ ಕೊನೆಯ ಸೊಪ್ಪು ತಿನ್ನುವ ದಿನಗಳವು. ಹೊರಗಿನವರು ಬಂದರೆ ಹುಳುವಿಗೆ ರೋಗ ತಗಲುತ್ತದೆ. ದೃಷ್ಟಿಯೂ ತಗಲುತ್ತದೆ ಅನ್ನುವುದು ಅವ್ವನ ಸೇರ್ಪಡೆ. ಅಷ್ಟು ದೂರದಿಂದ ಬಂದ ಮೇಷ್ಟ್ರನ್ನು ಅಂಗಳದಲ್ಲೇ ನಿಲ್ಲಿಸಿ, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ತೊಳೆಸಿ, ಕೈ ತೊಳೆಸಿ, ಜಗಲಿಯವರೆಗೆ ಮಾತ್ರ ಬಿಟ್ಟಳು. ಅವರು ಪ್ಯಾಂಟು ಮಡಿಚಿಕೊಂಡು ಆಜ್ಞೆಯಂತೆ ನಡೆದುಕೊಂಡರು.

"ನಮಸ್ಕಾರ್ರೀ ಅವ್ವಾರ" ಅಂದರು.

ಅವ್ವ ನನ್ನ ಕಡೆ ತಿರುಗಿದಳು. ಎಷ್ಟೋ ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. "ಇಷ್ಟು ದೊಡ್ಡವನಿಗೆ ನಾನು ಅಜ್ಜಿನಾ?"

"ಅವರ ಕಡೆ ತಾಯಿಗೆ ಅವ್ವ ಅಂತಾರೆ."

"ಹಂಗಾದ್ರೆ ಸರಿ" ಅಂದು ಚಾಪೆ ಹಾಸಿದಳು.

ಆಮೇಲೆ ನಡೆದ ಮಾತುಕತೆಯಲ್ಲಿ ನಾನು ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುತ್ತಾ ಕೂತಿದ್ದೆ. ಮೇಷ್ಟ್ರು ಏಣಿಯ ಉದಾಹರಣೆ ಕೊಟ್ಟರು. ಏಣಿಯಲ್ಲಿ ಮೂರರ ಮೇಲೆ ನಾಲ್ಕು ಬರುತ್ತೆ ಅಂದಳು ಅವ್ವ. ಬಸ್ಸು ಬದಲಾಯಿಸುವ ಉದಾಹರಣೆ ಕೊಟ್ಟರು. ಬಸ್ಸು ಬದಲಾಯಿಸಿದವರು ಬಂದ ದಾರಿಗೆ ವಾಪಸ್ ಹೋಗ್ತಾರಾ ಅಂದಳು. ಮೇಷ್ಟ್ರು ಕೊಟ್ಟ ಉದಾಹರಣೆಗಳೆಲ್ಲ ಅವಳ ಪಕ್ಷಕ್ಕೇ ಹೋಗಿ ನಿಂತವು. ಸೀಟು ಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಅಮ್ಮ ಸೊಪ್ಪಿನ ಬುಟ್ಟಿ ಹೊತ್ತು ಒಳಗೆ ಹೋಗುತ್ತಿದ್ದವಳು ಬಾಗಿಲಲ್ಲೇ ನಿಂತಳು. ಅಮ್ಮ ಅತ್ತೆಯ ಮುಂದೆ ಬಾಯಿ ಬಿಡುವವಳಲ್ಲ.

"ಅತ್ತೆ, ನಾವು ಚಾಕಿ ತರಲ್ವಾ?"

ಹುಳು ಸಾಕದವರಿಗೆ ಇದನ್ನು ಬಿಡಿಸಿ ಹೇಳಬೇಕು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ಅಲ್ಲಾಡದೆ ಮಲಗಿ, ಪೊರೆ ಕಳಚುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಅವ್ವನ ಕಾಲದಲ್ಲಿ ಮೊಟ್ಟೆಯಿಂದಲೇ ಮನೆಯಲ್ಲಿ ಸಾಕುತ್ತಿದ್ದರು. ಈಗ ಚಾಕಿ ಕೇಂದ್ರದವರು ಮರಿ ಹುಳುವನ್ನು ಎರಡು ಜ್ವರ ದಾಟಿಸಿ ಕೊಡುತ್ತಾರೆ. ಅದನ್ನು ತಂದು ಮುಂದಿನದನ್ನು ನಾವು ಸಾಕುತ್ತೇವೆ. ಆ ಮರಿ ಹುಳುವಿಗೇ ಚಾಕಿ ಅಂತ ಹೆಸರು.

"ತರ್ತೀವಿ. ಅದಕ್ಕೇನೀಗ?" ಅಂದಳು ಅವ್ವ.

"ಚಾಕಿ ತಂದಾಗ ನಮ್ಮನೇಲಿ ಮ್ವದಲ್ನೇ ಜ್ವರ ಯಾಕಾಗಲಿಲ್ಲ ಅಂತ ಕೇಳ್ತೀವಾ? ಅಲ್ಲಿ ಆಗಿರುತ್ತೆ. ಇವಳ್ದೂ ಮ್ವದಲ್ನೇ ವರ್ಷ ಚಿಂತಾಮಣೀಲಿ ಆಗೋಗಿದೆ. ಇವಳು ಫೇಲಲ್ಲ ಅತ್ತೆ, ಚಾಕಿ."

ಇಷ್ಟು ಹೇಳಿ ಅಮ್ಮ ತನಗೇ ನಾಚಿಕೆಯಾದಂತೆ ಒಳಗೆ ಹೋಗಿಬಿಟ್ಟಳು. ಮೇಷ್ಟ್ರು ನನ್ನ ಕಿವಿಯಲ್ಲಿ "ಚಾಕಿ ಅಂದ್ರ ಏನ?" ಅಂದರು. ಸುಮ್ಮನಿರಿ ಸಾರ್ ಅಂದೆ.

ಅವ್ವ ಅಮ್ಮ ಹೋದ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಲೆಕ್ಕಕ್ಕೆ ಬಂದಳು. "ಸರಿ, ಒಂದು ವರ್ಷ ಚಾಕಿಗೆ ಹೋಯ್ತು. ಓದಿದ್ದು ಮೂರು. ಇನ್ನೆರಡು ಎಲ್ಲೋಯ್ತು?"

ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ಇದಕ್ಕೆ ಉತ್ತರ ಇತ್ತು. "ಬೇರೆಯವರು ಹತ್ತನೇ ಕ್ಲಾಸಾದ ಮೇಲೆ ಎರಡು ವರ್ಷ ಪಿಯುಸಿ ಓದ್ತಾರಲ್ಲವ್ವ, ಆ ಎರಡು. ಆಮೇಲೆ ಇಂಜಿನಿಯರಿಂಗ್ ಒಂದು. ಅವರು ಅಲ್ಲಿಗೆ ಮೂರು ವರ್ಷ, ನಾನೂ ಇಲ್ಲಿಗೆ ಮೂರು ವರ್ಷ. ಇಬ್ಬರೂ ಈಗ ಒಂದೇ ಕಡೆ ಇದೀವಿ." ಇದನ್ನು ನಾನು ಮುಂಚೆ ಹೇಳಿರಲಿಲ್ಲ ಅಂತಲ್ಲ. ಕೂಗಿ ಹೇಳಿದ್ದೆ. ನಮ್ಮ ಮನೆಯಲ್ಲಿ ಕೂಗಿ ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ.

ಅವ್ವ ಬೆರಳು ಮಡಿಚಿದಳು. ಎರಡು, ಒಂದು, ಮೂರು. ಇನ್ನೊಂದು ಸಲ ಮಡಿಚಿದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಅಲ್ಲಿ ಹಾಸ್ಟೆಲಲ್ಲಿ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕ್ತಾರಾ?" ಅಂದಳು. ಊಟ ಅನ್ನಬೇಕಾದ ಕಡೆ ಸೊಪ್ಪು ಬಂದದ್ದು ಅವಳಿಗೆ ತಿಳಿಯಲೇ ಇಲ್ಲ. ಮೇಷ್ಟ್ರಿಗೂ ತಿಳಿಯಲಿಲ್ಲ. "ಸೊಪ್ಪು, ಕಾಳು ಎಲ್ಲಾ ಹಾಕ್ತಾರ್ರೀ ಅವ್ವಾರ" ಅಂದರು. ನಾನು ಅಳುತ್ತಾ ನಗುತ್ತಾ ಕಾಫಿ ತರುವ ನೆವದಲ್ಲಿ ಒಳಗೆ ಓಡಿದೆ. ಅಮ್ಮ ಹುಳುವಿನ ತಟ್ಟೆಯ ಹಿಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಪ್ಪ ಹೋಗಿ ಸೇರಿಸಿ ಬಂದ. ಕ್ಲಾಸಿಗೆ ಹೋಗುವ ಮೊದಲ ದಿನ ಮಾತ್ರ ಅವ್ವ ತಾನೇ ಬರುತ್ತೇನೆ ಅಂತ ಹಟ ಹಿಡಿದಳು. ಮದುವೆ ಮನೆಗೆ ಉಡುವ ಸೀರೆ ಉಟ್ಟಳು. ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದರೆ ಕಾರ್ಡಿನ ಜೊತೆಗೆ ವಿಷಯವನ್ನೂ ಕೊಟ್ಟಳು. "ನಮ್ಮ ಹುಡುಗಿ ಇಂಜಿನೀರು ಎರಡನೇ ವರ್ಷಕ್ಕೆ ಹೋಗ್ತಾವಳೆ. ಮೊದಲ್ನೇದು ಚಾಕೀಲೇ ಆಗೋಯ್ತು." ಕಂಡಕ್ಟರ್ ಶಿಡ್ಲಘಟ್ಟದವನೇ ಇರಬೇಕು. "ಹಂಗಾದ್ರೆ ಇನ್ನೇನಜ್ಜಿ, ಗೂಡು ಕಟ್ಟೋದೊಂದೇ ಬಾಕಿ" ಅಂದು ಟಿಕೆಟ್ ಹರಿದುಕೊಟ್ಟ. ಅವ್ವ ಚಿಕ್ಕಬಳ್ಳಾಪುರದವರೆಗೂ ನಗುತ್ತಿದ್ದಳು.

ಕಾಲೇಜಿನಲ್ಲಿ ಕ್ಲಾಸುಗಳು ಶುರುವಾಗಿ ಎಷ್ಟೋ ದಿನವಾಗಿತ್ತು. ನಮ್ಮ ಸೀಟು ಹಂಚಿಕೆ ಯಾವಾಗಲೂ ತಡ. ಅಪ್ಪನ ಲೇಟ್ ಎಂಟ್ರಿಯೇ ಕೊನೆಗೆ ನಿಜವಾಯಿತು. ಉದ್ದದ ಕಾರಿಡಾರು. ಅದರ ಕೊನೆಯಲ್ಲಿ ನನ್ನ ರೂಮು. ಮೇಡಂ ಇನ್ನೂ ಬಂದಿರಲಿಲ್ಲ. ಬಾಗಿಲ ಹತ್ತಿರ ಹೋಗುತ್ತಿದ್ದ ಹಾಗೆ ಒಳಗಿನಿಂದ ಜೋರಾಗಿ ನಗು ಬಂತು. ಇಣುಕಿ ನೋಡಿದೆ. ಬೆಂಚಿನಿಂದ ಬೆಂಚಿಗೆ ಪೆನ್ನು, ಮಾತು, ಡಬ್ಬಿ ಎಲ್ಲ ಓಡಾಡುತ್ತಿದ್ದವು. ಒಂದು ವರ್ಷ ಒಟ್ಟಿಗೆ ಓದಿದವರು. ಎಲ್ಲರಿಗೂ ಎಲ್ಲರೂ ಗೊತ್ತು. ಬಾಗಿಲ ಪಕ್ಕದ ಹುಡುಗಿ ನನ್ನ ಕಡೆ ನೋಡಿ, ಪಕ್ಕದವಳಿಗೆ ಏನೋ ಹೇಳಿದಳು, ಇಬ್ಬರೂ ನಕ್ಕರು. ನನ್ನನ್ನು ಕುರಿತೇ ನಕ್ಕರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಡೈರಿಗೆ, ಊರಿಗೆ, ಅವ್ವನಿಗೆ ಎದುರು ಮಾತಾಡಿದ ನಾನು ಆ ಹೊಸ್ತಿಲು ದಾಟಲಿಲ್ಲ. ತಿರುಗಿ ಬಂದು ಅವ್ವನ ಕೈ ಹಿಡಿದೆ.

"ವಾಪಸ್ ಹೋಗಣ ಅವ್ವ. ಗೌರಿಬಿದನೂರಿನ ಕೆಲಸ ಇನ್ನೂ ಇರಬಹುದು."

ಅವಳು ಕೇಳಿದ್ದೂ ಅದನ್ನೇ ಅಲ್ಲವೇ? ಸರಿ ನಡಿ ಅನ್ನುತ್ತಾಳೆ ಅಂದುಕೊಂಡೆ. ಅವಳು ಕಾರಿಡಾರಿನ ಕಟ್ಟೆಯ ಮೇಲೆ ಕೂತು ನನ್ನನ್ನೂ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು.

"ನಾನು ಮೂರನೇ ಕ್ಲಾಸ್ ಓದಿದೀನಿ, ಗೊತ್ತಾ?"

ಅವ್ವ ಸ್ಕೂಲಿಗೆ ಹೋಗಿದ್ದಳು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ ಅಂತ ಆಮೇಲೆ ತಿಳಿಯಿತು.

"ನಮ್ಮ ತವರೂರ ಸ್ಕೂಲಲ್ಲಿ ಮೂರೇ ಕ್ಲಾಸ್ ಇದ್ದಿದ್ದು. ನಾಲ್ಕಕ್ಕೆ ಬೇರೆ ಊರಿಗೆ ಹೋಗ್ಬೇಕು. ಹೆಣ್ಣುಮಕ್ಕಳನ್ನ ಯಾರು ಕಳಿಸ್ತಾರೆ? ನಂಗೆ ಸ್ಕೂಲ್ ಬಿಡೋಕೆ ಮನಸಿಲ್ಲ. ಮಾರನೇ ವರ್ಷಾನೂ ಸ್ಲೇಟ್ ತಗೊಂಡು ಹೋದೆ. ಮೂರರ ಸಾಲಲ್ಲಿ ಜಾಗ ಕೊಡಲಿಲ್ಲ. ಎರಡರ ಸಾಲಲ್ಲಿ ಇತ್ತು, ಅಲ್ಲೇ ಕೂತ್ಕೊಂಡೆ. ಮೇಷ್ಟ್ರು ಒಳ್ಳೇವನು, ಏನೂ ಅನ್ನಲಿಲ್ಲ. ಮಕ್ಕಳು ಬಿಡ್ತಾರಾ? ಮೂರು ಮುಗಿಸಿ ಎರಡಕ್ಕೆ ಬಂದವಳೆ, ದಡ್ಡಿ, ದಡ್ಡಿ ಅಂತ ದಿನಾ ನಗೋರು. ಒಂದು ದಿನ ತಡೀಲಾರದೆ ಎದ್ದು ಮನೆಗೆ ಬಂದ್ಬಿಟ್ಟೆ. ಆಮೇಲೆ ಯಾರೂ ಕರೀಲಿಲ್ಲ. ನಾನೂ ಹೋಗಲಿಲ್ಲ."

ನಾನು ಅವಳ ಮುಖ ನೋಡಲಾಗದೆ ಅವಳ ಕೈ ನೋಡುತ್ತಾ ಕೂತೆ. ಅವಳು ಹೆದರಿದ್ದು ಡೈರಿಯ ಮಾತಿಗಲ್ಲ. ಕ್ಲಾಸಿನೊಳಗಿನ ಅಂಥದ್ದೇ ನಗುವಿಗೆ, ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು ಅವಳು ಕೇಳಿದ್ದ ನಗುವಿಗೆ. ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳು ಮದುವೆಗೆ ಉಡುವ ಸೀರೆಯ ಸೆರಗಿನಲ್ಲೇ ನನ್ನ ಮುಖ ಒರೆಸಿ, ಭುಜ ಹಿಡಿದು ಬಾಗಿಲ ಕಡೆಗೆ ತಿರುಗಿಸಿದಳು.

"ನಗೋರು ನಾಲ್ಕು ದಿನ ನಗ್ತಾರೆ. ಕೂತೇ ಇದ್ರೆ ಅವರಿಗೇ ಬೇಜಾರಾಗುತ್ತೆ. ಅದು ನಂಗೆ ಆವಾಗ ಗೊತ್ತಾಗಲಿಲ್ಲ ತಲ್ಲಿ, ಎದ್ದು ಬಂದೆ. ನೀನು ಎದ್ದು ಬರಬೇಡ."

ನಾನು ಒಳಗೆ ಹೋಗಿ ಖಾಲಿ ಇದ್ದ ಜಾಗದಲ್ಲಿ ಕೂತೆ.